ರೂಟರ್ ಮುಟ್ಟದೆ ಫೈರ್‌ವಾಲ್ ಕೂರಿಸಿ, ಟ್ರಾಫಿಕ್ ಹದ್ದುಬಸ್ತಿಗೆ ತನ್ನಿ

ಆಫೀಸಿನಲ್ಲಿ ಒಬ್ಬರು ದೊಡ್ಡ ಫೈಲ್ ಅಪ್‌ಲೋಡ್‌ಗೆ ಹಾಕಿದರೆ ಸಾಕು, ಪಕ್ಕದ ಕೋಣೆಯ ವಿಡಿಯೊ ಕಾಲ್ ತೊದಲತೊಡಗುತ್ತದೆ. ಲೈನ್ ಕೆಟ್ಟಿರುವುದಿಲ್ಲ. ಮೋಡೆಮ್‌ನಲ್ಲಿ ಪ್ಯಾಕೆಟ್‌ಗಳ (ಡೇಟಾ ತುಣುಕುಗಳ) ಕ್ಯೂ ಬೆಳೆದಿರುತ್ತದೆ, ಕಾಲ್‌ನ ಪುಟ್ಟ ಪ್ಯಾಕೆಟ್‌ಗಳೂ ಅದರ ಬಾಲಕ್ಕೇ ನಿಲ್ಲಬೇಕು. ಆ ಕ್ಯೂವನ್ನು ನಮ್ಮ ಕೈಗೆ ತಂದುಕೊಳ್ಳಲು ರೂಟರ್ ಮತ್ತು ಸ್ವಿಚ್ ನಡುವೆ ಓಪನ್‌ಬಿಎಸ್‌ಡಿ ಎಂಬ ಉಚಿತ ಆಪರೇಟಿಂಗ್ ಸಿಸ್ಟಮ್ ಹಾಕಿದ ಹಳೆಯ ಪಿಸಿಯೊಂದನ್ನು ಬ್ರಿಡ್ಜ್ ಆಗಿ, ಅಂದರೆ ಒಂದು ಪೋರ್ಟಿಗೆ ಬಂದದ್ದನ್ನು ಇನ್ನೊಂದಕ್ಕೆ ದಾಟಿಸುವ ಸೇತುವೆಯಾಗಿ ಕೂರಿಸಿ. ಬ್ರಿಡ್ಜ್‌ಗೆ ಐಪಿ ವಿಳಾಸ ಬೇಡ, ವೈಫೈ ಒಂದನ್ನು ಬಿಟ್ಟರೆ ರೂಟರ್ ಸೆಟ್ಟಿಂಗ್ ಬದಲಿಸಬೇಕಿಲ್ಲ. ರೂಟರಿನ ವೈಫೈ ಹಿಡಿದವರು ಈ ಪೆಟ್ಟಿಗೆಯನ್ನು ಹಾಯುವುದೇ ಇಲ್ಲ. ಆ ವೈಫೈ ಆಫ್ ಮಾಡಿ, ಸ್ವಿಚ್‌ಗೆ ಬೇರೆ ವೈಫೈ ಪೆಟ್ಟಿಗೆ (ಆಕ್ಸೆಸ್ ಪಾಯಿಂಟ್) ಹಾಕಿ.

ಪಿಸಿಯಲ್ಲಿ ಮೂರು ಗಿಗಾಬಿಟ್ ಪೋರ್ಟ್ ಬೇಕು. ಓಪನ್‌ಬಿಎಸ್‌ಡಿ ಕೊಡುವ ಹೆಸರಿನಲ್ಲಿ ಹೇಳುವುದಾದರೆ: ಇಎಂ0 ರೂಟರಿಗೆ, ಇಎಂ1 ಸ್ವಿಚ್‌ಗೆ, ಇಎಂ2 ನಿಮ್ಮ ಲ್ಯಾಪ್‌ಟಾಪ್‌ಗೆ. ಐಪಿ ವಿಳಾಸ ಇಎಂ2ಗೆ ಮಾತ್ರ. ರೂಲ್ ತಪ್ಪಿ ಬಾಗಿಲು ಮುಚ್ಚಿಕೊಂಡರೆ ಒಳಹೋಗಲು ಅದೊಂದೇ ದಾರಿ.

ಇಟಿಸಿ ಫೋಲ್ಡರಿನಲ್ಲಿ ಇಎಂ0, ಇಎಂ1 ಎರಡರ ಹೋಸ್ಟ್‌ನೇಮ್ ಫೈಲ್‌ಗಳಲ್ಲೂ ‘ಅಪ್’ ಎಂಬ ಒಂದೇ ಪದ ಇರಲಿ. ಬ್ರಿಡ್ಜ್0ರ ಫೈಲಿನಲ್ಲಿ ‘ಆಡ್ ಇಎಂ0’, ‘ಆಡ್ ಇಎಂ1’, ‘ಅಪ್’ ಎಂದು ಮೂರು ಸಾಲು. (ಟೈಪಿಸುವಾಗ ಎಲ್ಲವೂ ಇಂಗ್ಲಿಷಿನ ಸಣ್ಣ ಅಕ್ಷರ.) ಈ ಸೆಟ್ಟಿಂಗ್‌ಗಳನ್ನು ಜಾರಿಗೆ ತರುವ ನೆಟ್‌ಸ್ಟಾರ್ಟ್ ಸ್ಕ್ರಿಪ್ಟ್ ಓಡಿಸಿದ ಮೇಲೆ ಕೇಬಲ್ ಜೋಡಿಸಿ. ಎರಡೂ ಕೇಬಲ್ ಮರೆತು ಒಂದೇ ಸ್ವಿಚ್‌ಗೆ ಹೋದರೆ ಪ್ಯಾಕೆಟ್‌ಗಳು ಸುತ್ತುತ್ತಲೇ ಇರುತ್ತವೆ, ಸ್ವಿಚ್‌ನ ದೀಪಗಳೆಲ್ಲ ಒಟ್ಟಿಗೆ ಹುಚ್ಚು ಹಿಡಿದಂತೆ ಮಿನುಗುತ್ತವೆ.

ಇನ್ನು ಪಿಎಫ್, ಅಂದರೆ ಓಪನ್‌ಬಿಎಸ್‌ಡಿಯಲ್ಲೇ ಇರುವ ಫೈರ್‌ವಾಲ್. ಇದರ ಸಾಲುಗಳನ್ನೆಲ್ಲ ಬರೆಯುವುದು ಇಟಿಸಿ ಫೋಲ್ಡರಿನ ಪಿಎಫ್.ಕಾನ್ಫ್ ಫೈಲಿನಲ್ಲಿ. ಬ್ರಿಡ್ಜ್ ದಾಟುವ ಪ್ಯಾಕೆಟ್ ಎರಡು ಸಲ ತಪಾಸಣೆಗೊಳಗಾಗುತ್ತದೆ, ಒಂದು ಪೋರ್ಟಿನಲ್ಲಿ ಒಳಬರುವಾಗ, ಇನ್ನೊಂದರಲ್ಲಿ ಹೊರಡುವಾಗ. ಹಾಗಾಗಿ ಪಿಎಫ್ ತಪಾಸಿಸದೆ ಬಿಡಬೇಕಾದ ಪೋರ್ಟ್ ಹೇಳುವ ‘ಸೆಟ್ ಸ್ಕಿಪ್’ ಸಾಲಿನಲ್ಲಿ ಇಎಂ1 ಸೇರಿಸಿ, ರೂಲ್‌ಗಳನ್ನೆಲ್ಲ ಇಎಂ0ರ ಮೇಲೇ ಬರೆಯಿರಿ: ಒಳಬರುವುದೆಲ್ಲ ಬ್ಲಾಕ್, ಹೊರಹೋಗುವುದೆಲ್ಲ ಪಾಸ್. ಹೊರಹೋದ ಕೋರಿಕೆಗೆ ಬರುವ ಉತ್ತರವನ್ನು ಪಿಎಫ್ ತಾನೇ ಗುರುತಿಸಿ ಒಳಬಿಡುತ್ತದೆ. ಹೆಚ್ಚಿನವರು ಎಡವುವುದು ಇಲ್ಲೇ. ಐಪಿ ವಿಳಾಸ ಕೇಳುವ ಡಿಎಚ್‌ಸಿಪಿ ಕೋರಿಕೆ ಹೋಗುವುದು ಎಲ್ಲರಿಗೂ ತಲುಪುವ ಬ್ರಾಡ್‌ಕಾಸ್ಟ್ ವಿಳಾಸಕ್ಕೆ, ಉತ್ತರ ಬರುವುದು ರೂಟರಿನ ವಿಳಾಸದಿಂದ. ಎರಡೂ ತಾಳೆಯಾಗದ ಕಾರಣ ಪಿಎಫ್ ಉತ್ತರವನ್ನು ಬೀಳಿಸುತ್ತದೆ. ಬೆಳಿಗ್ಗೆಯಿಂದ ಓಡುತ್ತಿರುವ ಕಂಪ್ಯೂಟರ್ ಸರಿಯಾಗಿರುತ್ತದೆ, ಈಗ ತಾನೇ ಬಂದವರ ಫೋನಿಗೆ ಮಾತ್ರ ಐಪಿ ಸಿಗುವುದಿಲ್ಲ. ಈ ಉತ್ತರ ಬರುವ ದಾರಿಯನ್ನು, ಅಂದರೆ ಯುಡಿಪಿ ಪೋರ್ಟ್ ಸಂಖ್ಯೆ 67ರಿಂದ 68ಕ್ಕೆ ಬರುವುದನ್ನು ಒಳಬಿಡುವ ರೂಲ್ ಸೇರಿಸಿ. ಐಪಿವಿ6 ಇದ್ದರೆ ಅದರ ನಿಯಂತ್ರಣ ಸಂದೇಶಗಳಾದ ಐಸಿಎಂಪಿ6ಕ್ಕೂ ಅವಕಾಶ ಕೊಡಿ. ಐಪಿಗೆ ತಕ್ಕ ಹಾರ್ಡ್‌ವೇರ್ ವಿಳಾಸ ಹುಡುಕುವ ಎಆರ್‌ಪಿಯ ಚಿಂತೆ ಬೇಡ, ಪಿಎಫ್ ಅದನ್ನು ನೋಡುವುದೇ ಇಲ್ಲ.

ಇನ್ನು ಟ್ರಾಫಿಕ್ ನಿಯಂತ್ರಣ. ಪಿಎಫ್‌ನ ಕ್ಯೂ ಒಂದು ಪೋರ್ಟಿನಿಂದ ಹೊರಹೋಗುವ ದಿಕ್ಕಿಗೆ ಮಾತ್ರ ಕೆಲಸ ಮಾಡುತ್ತದೆ. ಅದಕ್ಕೇ ಅಪ್‌ಲೋಡ್ ಕ್ಯೂ ಇಎಂ0ರ ಮೇಲೆ, ಡೌನ್‌ಲೋಡ್ ಕ್ಯೂ ಇಎಂ1ರ ಮೇಲೆ. ಯಾರೂ ಬಳಸದ ಹೊತ್ತಿನಲ್ಲಿ ಕೇಬಲ್‌ನಲ್ಲೇ ವೇಗ ಅಳೆಯಿರಿ. ಡೌನ್‌ಲೋಡ್ 94, ಅಪ್‌ಲೋಡ್ 38 ಮೆಗಾಬಿಟ್ ಬಂತೆನ್ನಿ, 85 ಮತ್ತು 35 ಕೊಡಿ. ಪ್ರತಿ ಕ್ಯೂ ಸಾಲಿನಲ್ಲೂ ‘ಫ್ಲೋಸ್ 1024’, ‘ಬ್ಯಾಂಡ್‌ವಿಡ್ತ್’, ‘ಮ್ಯಾಕ್ಸ್’, ‘ಡಿಫಾಲ್ಟ್’ ನಾಲ್ಕೂ ಇರಬೇಕು. ಸಂಖ್ಯೆಯ ಪಕ್ಕದ ಎಂ ಮಾತ್ರ ದೊಡ್ಡಕ್ಷರ, ಅದು ಮೆಗಾಬಿಟ್. ಬ್ರೌಸರ್ ತೋರಿಸುವ ಮೆಗಾಬೈಟ್ ಲೆಕ್ಕ ಹಾಕಿದರೆ ಎಂಟು ಪಟ್ಟು ತಪ್ಪುತ್ತದೆ. ಹಳೆಯ ಲೇಖನಗಳಲ್ಲಿರುವ ಆಲ್ಟ್‌ಕ್ಯೂ (ಹಿಂದಿನ ಕ್ಯೂ ವ್ಯವಸ್ಥೆ) ಸಾಲುಗಳನ್ನು ನಕಲು ಮಾಡಬೇಡಿ, ಓಪನ್‌ಬಿಎಸ್‌ಡಿಯ 2014ರ 5.6 ಆವೃತ್ತಿಯಲ್ಲೇ ಅದನ್ನು ಕಿತ್ತುಹಾಕಿದ್ದಾರೆ.

ಪಿಎಫ್ ನಿಯಂತ್ರಿಸುವ ಕಮಾಂಡ್ ಪಿಎಫ್‌ಸಿಟಿಎಲ್‌ಗೆ ‘ಎನ್’, ‘ಎಫ್’ ಆಯ್ಕೆ ಎರಡನ್ನೂ ಕೊಟ್ಟು ಫೈಲಿನ ತಪ್ಪು ನೋಡಿಕೊಳ್ಳಿ, ಆಮೇಲೆ ‘ಎಫ್’ ಒಂದನ್ನೇ ಕೊಟ್ಟು ಲೋಡ್ ಮಾಡಿ. ಈಗ ದೊಡ್ಡ ಅಪ್‌ಲೋಡ್ ಒಂದನ್ನು ಹಾಕಿ, ಸ್ವಿಚ್ ಕಡೆಯ ಇನ್ನೊಂದು ಕಂಪ್ಯೂಟರಿನಿಂದ ಹೊರಗಿನ ಸರ್ವರ್‌ಗೆ ಪಿಂಗ್ ಕೊಡಿ. ಸಮಯ ಇನ್ನೂ ಜಿಗಿಯುತ್ತಿದ್ದರೆ ಕ್ಯೂ ಮೋಡೆಮ್‌ನಲ್ಲೇ ಉಳಿದಿದೆ ಎಂದರ್ಥ. 35ನ್ನು 34, 33 ಎಂದು ಇಳಿಸುತ್ತಾ ಹೋಗಿ, ಪಿಂಗ್ ಸಮಯ ಸ್ಥಿರವಾದಲ್ಲಿ ನಿಲ್ಲಿಸಿ.