ಹುಳಿ ಯಾವಾಗ, ಉಪ್ಪು ಯಾವಾಗ: ತರಕಾರಿ ಅಡುಗೆ ಕಲಿತ ನನ್ನ ಅನುಭವ

ಕಾಫಿ ತೋಟದಲ್ಲಿ ರೈಟರ್ (ಹಾಜರಿ ಬರೆಯುವ ಗುಮಾಸ್ತ) ಆಗಿ ದುಡಿದು, ನಿವೃತ್ತನಾಗಿ ಮಡಿಕೇರಿಯಲ್ಲಿ ಮನೆ ಮಾಡಿಕೊಂಡ ಮೇಲೆ, ಮಗಳ ಬಾಣಂತನಕ್ಕೆಂದು ಹೆಂಡತಿ ಬೆಂಗಳೂರಿಗೆ ಹೋದ ಮಳೆಗಾಲದಲ್ಲಿ ನಾನು ಅಡುಗೆ ಕಲಿತೆ. ಅಲ್ಲಿಯವರೆಗೆ ಕಾಫಿ ಕಾಸುವುದು ಮತ್ತು ಅನ್ನಕ್ಕೆ ಕುಕ್ಕರ್ ಇಡುವುದು ಬಿಟ್ಟರೆ ಒಲೆಯ ಹತ್ತಿರ ನನಗೆ ಬೇರೆ ಕೆಲಸವಿರಲಿಲ್ಲ. ನನ್ನಂತೆ ತಡವಾಗಿಯೋ, ಓದು ಅಥವಾ ಕೆಲಸದ ಕಾರಣಕ್ಕೆ ಮನೆ ಬಿಟ್ಟು ಬಂದು ಒಬ್ಬರೇ ಇರಬೇಕಾಗಿಯೋ ಅಡುಗೆಮನೆಗೆ ಕಾಲಿಟ್ಟವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಮಾಂಸದ ಅಡುಗೆಯ ವಿಷಯ ಇಲ್ಲಿಲ್ಲ. ಕೊಡಗಿನಲ್ಲಿ ಅದನ್ನು ಹೇಳಿಕೊಡುವವರಿಗೆ ಬರವಿಲ್ಲ. ತರಕಾರಿಯನ್ನು ಹೇಳಿಕೊಡುವವರೇ ಕಡಿಮೆ, ಏಕೆಂದರೆ ಅದನ್ನು ಕಲಿಸಬೇಕಾದ ವಿದ್ಯೆ ಎಂದು ಯಾರೂ ಎಣಿಸುವುದಿಲ್ಲ.

ಫೋನಿನಲ್ಲಿ ಎಷ್ಟು ಉಪ್ಪು, ಎಷ್ಟು ನೀರು ಎಂದು ಕೇಳಿದಾಗಲೆಲ್ಲ ಹೆಂಡತಿಯ ಉತ್ತರ ಒಂದೇ: "ಅಂದಾಜಿಗೆ ಹಾಕಿ ರೀ." ಅಂದಾಜು ಎನ್ನುವುದು ಕೈ ಪಳಗಿದವರ ಅಳತೆ, ಹೊಸಬನಿಗೆ ಅದರಿಂದ ಏನೂ ತಿಳಿಯುವುದಿಲ್ಲ. ವರ್ಷಗಟ್ಟಲೆ ಹಾಜರಿ ಪುಸ್ತಕ ಬರೆದ ಅಭ್ಯಾಸವಿದ್ದುದರಿಂದ ನಾನು ಒಂದು ನೋಟ್ ಪುಸ್ತಕ ಇಟ್ಟುಕೊಂಡು, ಒಂದೊಂದು ತರಕಾರಿಗೆ ಒಂದೊಂದು ಪುಟದಂತೆ ತೂಕ, ನೀರು, ಉಪ್ಪು, ಬೆಂದ ಹೊತ್ತು ಇವನ್ನೆಲ್ಲ ಬರೆಯುತ್ತ ಹೋದೆ. ಪುಟಗಳು ತುಂಬಿದಂತೆ ಒಂದು ವಿಷಯ ಕಣ್ಣಿಗೆ ಬಿತ್ತು. ಅಳತೆ ಸ್ವಲ್ಪ ಹೆಚ್ಚುಕಡಿಮೆಯಾದರೂ ಊಟಕ್ಕೆ ತೊಂದರೆಯಾಗುವುದಿಲ್ಲ. ಆದರೆ ನೀರು, ಉಪ್ಪು, ಹುಳಿ ಈ ಮೂರು ಯಾವ ಹೊತ್ತಿಗೆ ಪಾತ್ರೆಗೆ ಬೀಳುತ್ತವೆ ಎಂಬುದರ ಮೇಲೆಯೇ ತರಕಾರಿಯ ಹದ ನಿಂತಿದೆ.

ಕಲಿಯುವವರು ಬೀನ್ಸ್ ಪಲ್ಯದಿಂದಲೇ ಶುರುಮಾಡಬೇಕು ಎಂಬುದು ನನ್ನ ಅಭಿಪ್ರಾಯ. ಅದು ವರ್ಷವಿಡೀ ಸಿಗುತ್ತದೆ, ಹದ ತಪ್ಪಿದರೂ ತಿನ್ನಲು ಬರುತ್ತದೆ, ಒಗ್ಗರಣೆಯಿಂದ ಹಿಡಿದು ತೆಂಗಿನತುರಿಯವರೆಗೆ ಪಲ್ಯದ ಎಲ್ಲ ಹಂತಗಳೂ ಅದರಲ್ಲಿವೆ. ಕಾಲು ಕಿಲೋ ಬೀನ್ಸನ್ನು ತೊಳೆದು, ಎರಡೂ ತುದಿ ಮುರಿದು ನಾರು ಎಳೆದು, ಸಣ್ಣಗೆ ಒಂದೇ ಸಮನಾಗಿ ಹೆಚ್ಚಿಕೊಳ್ಳುತ್ತೇನೆ. ಸಣ್ಣಗೆ ಎನ್ನುವುದಕ್ಕಿಂತ ಒಂದೇ ಸಮ ಎನ್ನುವುದು ಮುಖ್ಯ; ಚೂರುಗಳು ಬೇರೆ ಬೇರೆ ಗಾತ್ರದಲ್ಲಿದ್ದರೆ ದೊಡ್ಡವು ಬೇಯುವಷ್ಟರಲ್ಲಿ ಸಣ್ಣವು ಕರಗಿರುತ್ತವೆ. ಬಾಣಲೆಯಲ್ಲಿ ಎರಡು ಚಿಕ್ಕ ಚಮಚ ಎಣ್ಣೆ ಕಾಯಲು ಬಿಟ್ಟು, ಎರಡು ಕಾಳು ಸಾಸಿವೆ ಹಾಕಿ ನೋಡುತ್ತೇನೆ. ಅವು ಸುಮ್ಮನೆ ಬಿದ್ದುಕೊಂಡಿದ್ದರೆ ಎಣ್ಣೆ ಕಾದಿಲ್ಲ. ಕೂಡಲೇ ಸಿಡಿದರೆ ಕಾದಿದೆ. ಆಗ ಅರ್ಧ ಚಮಚ ಸಾಸಿವೆ, ಅದರ ಸಿಡಿತ ಇಳಿಯುತ್ತಿದ್ದಂತೆ ಒಂದು ಚಮಚ ಉದ್ದಿನಬೇಳೆ, ಬೇಳೆ ಕೆಂಪಾಗುವ ಸ್ವಲ್ಪ ಮುಂಚೆ ಎರಡು ಒಣಮೆಣಸಿನಕಾಯಿ, ಕೊನೆಗೆ ಕರಿಬೇವು. ಒಣಮೆಣಸು ಬೇಗ ಸೀಯುತ್ತದೆ, ಉದ್ದಿನಬೇಳೆ ನಿಧಾನಕ್ಕೆ ಹುರಿಯುತ್ತದೆ. ಈ ಕ್ರಮಕ್ಕೆ ಅದೇ ಕಾರಣ. ಬೀನ್ಸ್ ಹಾಕಿ ಎಣ್ಣೆ ಹತ್ತುವಂತೆ ಒಮ್ಮೆ ತಿರುವಿ, ಅರ್ಧ ಲೋಟದಷ್ಟು ನೀರು, ಒಂದು ಚಿಟಿಕೆ ಅರಿಸಿನ, ಅರ್ಧ ಚಿಕ್ಕ ಚಮಚ ಉಪ್ಪು ಹಾಕುತ್ತೇನೆ.

ಮುಚ್ಚಳವನ್ನು ಪೂರ್ತಿ ಮುಚ್ಚದೆ ಓರೆಯಾಗಿ ಇಡಬೇಕು. ಬೇಯುವಾಗ ಹಸಿರು ತರಕಾರಿಯಿಂದ ಸ್ವಲ್ಪ ಹುಳಿಯಂಶ ಹೊರಬರುತ್ತದೆ; ಅದು ಹಬೆಯೊಂದಿಗೆ ಹೊರಗೆ ಹೋಗದಿದ್ದರೆ ಹಸಿರು ಮಾಸಿ ಪಾಚಿಬಣ್ಣಕ್ಕೆ ತಿರುಗುತ್ತದೆ. ಎಂಟು ಹತ್ತು ನಿಮಿಷಗಳಲ್ಲಿ ನೀರು ಇಂಗುತ್ತದೆ. ಒಂದು ಚೂರನ್ನು ತೆಗೆದು ಬೆರಳಿನಲ್ಲಿ ಒತ್ತಿದಾಗ ಅದು ಬಾಗಿ, ಸ್ವಲ್ಪ ತಡೆದು ಮುರಿದರೆ ಹದ. ನೀರು ಇಂಗಿದರೂ ಬೇಯದಿದ್ದರೆ ಇನ್ನೆರಡು ಚಮಚ ನೀರು ಚಿಮುಕಿಸಬಹುದು, ಆದರೆ ಬೆಂದ ಮೇಲೂ ನೀರು ಉಳಿದಿದ್ದರೆ ಉರಿ ದೊಡ್ಡದು ಮಾಡಿ ಇಂಗಿಸುವಷ್ಟರಲ್ಲಿ ತರಕಾರಿ ಮುದ್ದೆಯಾಗುತ್ತದೆ. ಆದ್ದರಿಂದ ನೀರು ಮೊದಲಿಗೆ ಕಡಿಮೆಯೇ ಇರಲಿ. ಕೊನೆಗೆ ಎರಡು ಮೂರು ದೊಡ್ಡ ಚಮಚ ತೆಂಗಿನತುರಿ ಹಾಕಿ, ಒಮ್ಮೆ ಬೆರೆಸಿ ಒಲೆ ಆರಿಸುತ್ತೇನೆ. ಕ್ಯಾರೆಟ್, ಎಲೆಕೋಸು, ಬೀಟ್‌ರೂಟ್ ಇವೆಲ್ಲ ಇದೇ ದಾರಿ, ಬೇಯುವ ಹೊತ್ತು ಮಾತ್ರ ಬೇರೆ.

ಬಯಲುಸೀಮೆಯ ಅಡುಗೆ ಪುಸ್ತಕದಲ್ಲಿರುವ ನಿಮಿಷಗಳ ಲೆಕ್ಕ ಇಲ್ಲಿ ಸರಿಹೋಗುವುದಿಲ್ಲ ಎಂಬುದನ್ನೂ ಹೇಳಬೇಕು. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಈ ಎತ್ತರದಲ್ಲಿ ಗಾಳಿಯ ಒತ್ತಡ ಕಡಿಮೆ ಇರುವುದರಿಂದ ನೀರು 100 ಡಿಗ್ರಿಯವರೆಗೆ ಕಾಯದೆ ಸುಮಾರು 96 ಡಿಗ್ರಿಗೇ ಕುದಿಯುತ್ತದೆ. ಎಷ್ಟೇ ಉರಿ ಕೊಟ್ಟರೂ ತೆರೆದ ಪಾತ್ರೆಯ ನೀರು ಅದಕ್ಕಿಂತ ಹೆಚ್ಚು ಬಿಸಿಯಾಗುವುದಿಲ್ಲ. ಬೀನ್ಸಿಗೆ ಇದರಿಂದ ಎರಡು ಮೂರು ನಿಮಿಷದ ವ್ಯತ್ಯಾಸ. ತೊಗರಿಬೇಳೆಗೆ ಮಾತ್ರ ದೊಡ್ಡ ವ್ಯತ್ಯಾಸ. ಬೇಳೆಯನ್ನು ಅರ್ಧ ಗಂಟೆ ನೆನೆಸಿ ಕುಕ್ಕರಿಗೆ ಹಾಕಿದರೆ ಗ್ಯಾಸೂ ಉಳಿಯುತ್ತದೆ, ಬೇಳೆಯೂ ಒಡೆದು ಬೇಯುತ್ತದೆ.

ಇನ್ನು ಹುಳಿಯ ವಿಷಯ. ಹುಣಸೆ, ಟೊಮೆಟೊ, ನಿಂಬೆ, ಕಚಂಪುಳಿ, ಯಾವುದೇ ಆಗಲಿ, ತರಕಾರಿ ಬೆಂದ ಮೇಲೆಯೇ ಹಾಕಬೇಕು. ತರಕಾರಿಯ ಕೋಶಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುವ ಪೆಕ್ಟಿನ್ ಎಂಬ ಪದಾರ್ಥ ಬಿಸಿನೀರಿನಲ್ಲಿ ಕರಗುವುದರಿಂದಲೇ ತರಕಾರಿ ಮೆತ್ತಗಾಗುತ್ತದೆ. ನೀರು ಹುಳಿಯಾಗಿದ್ದರೆ ಅದು ಸುಲಭವಾಗಿ ಕರಗುವುದಿಲ್ಲ. ಹುಣಸೆಹುಳಿ ಬಿದ್ದ ಸಾಂಬಾರಿನಲ್ಲಿ ಅರೆಬೆಂದ ಆಲೂಗೆಡ್ಡೆ ಎಷ್ಟು ಕುದಿಸಿದರೂ ನಡುವೆ ಗಟ್ಟಿಯಾಗಿಯೇ ಉಳಿಯುವುದು ಇದೇ ಕಾರಣಕ್ಕೆ. ತೊಗರಿಬೇಳೆಗೂ ಈ ಮಾತು ಅನ್ವಯಿಸುತ್ತದೆ. ಬೇಳೆಯೊಂದಿಗೆ ಕುಕ್ಕರಿಗೆ ಅರಿಸಿನ ಮತ್ತು ನಾಲ್ಕು ಹನಿ ಎಣ್ಣೆ ಮಾತ್ರ ಹೋಗುತ್ತವೆ. ಹುಣಸೆ, ಟೊಮೆಟೊ, ಉಪ್ಪು ಎಲ್ಲ ಆಮೇಲೆ.

ಕೊಡಗಿನವರಲ್ಲದವರಿಗೆ ಕಚಂಪುಳಿಯನ್ನು ಪರಿಚಯಿಸಬೇಕಾಗುತ್ತದೆ. ಇಲ್ಲಿನ ಪಣಂಪುಳಿ ಹಣ್ಣನ್ನು ಮಳೆಗಾಲದಲ್ಲಿ ಆರಿಸಿ ತಂದು, ಬುಟ್ಟಿಯಲ್ಲಿ ಪೇರಿಸಿ, ಕೆಳಗೆ ಪಾತ್ರೆ ಇಟ್ಟು, ಹಣ್ಣು ಕಳಿತು ತಾನಾಗಿ ಸೋರಿದ ರಸವನ್ನು ಕಪ್ಪಾಗಿ ಮಂದವಾಗುವವರೆಗೆ ಕುದಿಸಿ ಇಳಿಸಿದ್ದೇ ಕಚಂಪುಳಿ. ಸೀಸೆಯಲ್ಲಿಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ. ಹೆಸರು ಮಾಡಿರುವುದು ಹಂದಿಮಾಂಸದ ಅಡುಗೆಯಿಂದಾದರೂ ಬದನೆ, ಬೆಂಡೆ, ಅಣಬೆ ಇವಕ್ಕೆ ನಾನು ಹುಣಸೆಯ ಬದಲು ಇದನ್ನೇ ಬಳಸುತ್ತೇನೆ. ಇದರ ಹುಳಿ ಬಹಳ ತೀಕ್ಷ್ಣ. ಕಾಲು ಕಿಲೋ ತರಕಾರಿಗೆ ಅರ್ಧ ಚಿಕ್ಕ ಚಮಚ ಸಾಕು. ಕಬ್ಬಿಣದ ಬಾಣಲೆಯಲ್ಲಿ ಹುಳಿ ಹಾಕಿದರೆ ಅಡುಗೆಗೆ ಲೋಹದ ರುಚಿ ಬರುತ್ತದೆಯಾದ್ದರಿಂದ ಸ್ಟೀಲ್ ಅಥವಾ ಮಣ್ಣಿನ ಪಾತ್ರೆ ಒಳ್ಳೆಯದು.

ಬೆಂಡೆಕಾಯಿಗೆ ಹೊಸಬರು ಹೆದರುವುದು ಅದರ ಲೋಳೆಗಾಗಿ. ಲೋಳೆ ಏಳುವುದು ನೀರು ಸೋಕಿದಾಗ. ಶುಕ್ರವಾರದ ಸಂತೆಯಿಂದ ಮಳೆಯಲ್ಲಿ ತಂದ ಬೆಂಡೆ ಹೇಗೂ ಒದ್ದೆಯಾಗಿಯೇ ಇರುತ್ತದೆ. ಅದನ್ನು ತೊಳೆದು, ಒಂದೊಂದನ್ನೇ ಬಟ್ಟೆಯಲ್ಲಿ ಒರೆಸಿ, ಪೇಪರಿನ ಮೇಲೆ ಹರಡಿ ಪೂರ್ತಿ ಒಣಗಿದ ಮೇಲೆಯೇ ಹೆಚ್ಚುತ್ತೇನೆ, ಈಳಿಗೆಮಣೆಯೂ ಒಣಗಿರಬೇಕು. ಅಗಲವಾದ ಬಾಣಲೆಯಲ್ಲಿ ಪಲ್ಯಕ್ಕಿಂತ ಒಂದು ಚಮಚ ಹೆಚ್ಚು ಎಣ್ಣೆ ಹಾಕಿ, ಒಗ್ಗರಣೆಯ ಮೇಲೆ ಬೆಂಡೆಯನ್ನು ಹರಡಿ, ಮುಚ್ಚಳವಿಲ್ಲದೆ, ಉಪ್ಪಿಲ್ಲದೆ ಮಧ್ಯಮ ಉರಿಯಲ್ಲಿ ಬಿಡುತ್ತೇನೆ. ಉಪ್ಪು ತರಕಾರಿಯ ನೀರನ್ನು ಹೊರಗೆಳೆಯುವುದರಿಂದ ಅದು ಇಲ್ಲಿ ಕೊನೆಯದು. ಸೌಟು ಎತ್ತಿದಾಗ ಮೊದಮೊದಲು ಚೂರುಗಳ ನಡುವೆ ಸಣ್ಣ ಎಳೆಗಳು ಜೋತುಬೀಳುತ್ತವೆ. ಪದೇ ಪದೇ ಕೆದಕದೆ, ಎರಡು ನಿಮಿಷಕ್ಕೊಮ್ಮೆ ಮಗುಚುತ್ತ ಹೋದರೆ ಎಳೆಗಳು ಕ್ರಮೇಣ ಕಡಿಮೆಯಾಗಿ, ಅಂಚು ಕಂದುಬಣ್ಣಕ್ಕೆ ತಿರುಗಿ, ಬೀಜಗಳು ಬಾಣಲೆಯಲ್ಲಿ ಬಿಡಿಬಿಡಿಯಾಗಿ ಕಾಣುತ್ತವೆ. ಆಗ ಉಪ್ಪು, ಸ್ವಲ್ಪ ಕಾಳುಮೆಣಸಿನ ಪುಡಿ, ಅರ್ಧ ಚಮಚ ಕಚಂಪುಳಿ. ಅಲ್ಲಲ್ಲಿ ಉಳಿದ ಲೋಳೆಯನ್ನೂ ಆ ಹುಳಿ ಕಡಿದುಹಾಕುತ್ತದೆ. ಬಿಸಿ ಅಕ್ಕಿರೊಟ್ಟಿಯ ಜೊತೆ ಇದನ್ನು ತಿಂದ ಮೇಲೆ ಹೋಟೆಲಿನ ಎಣ್ಣೆಯಲ್ಲಿ ಕರಿದ ಬೆಂಡೆ ನನಗೆ ರುಚಿಸುತ್ತಿಲ್ಲ.

ಸೀಮೆಬದನೆಯದು ಇದಕ್ಕೆ ನೇರ ವಿರುದ್ಧ. ನಮ್ಮ ಹಿತ್ತಲಿನ ಬಳ್ಳಿ ಒಮ್ಮೆ ಕಾಯಿ ಬಿಡಲು ಹಿಡಿಯಿತೆಂದರೆ ಅಕ್ಕಪಕ್ಕದವರಿಗೆ ಹಂಚಿ ಸಾಕಾಗುತ್ತದೆ. ಸಿಪ್ಪೆ ಹೆರೆಯುವಾಗ ಅದರ ಅಂಟು ಕೈಗೆ ಹತ್ತಿ, ಒಣಗಿದ ಮೇಲೆ ಬೆರಳಿನ ಚರ್ಮ ಬಿಗಿದುಕೊಂಡು, ತೆಳ್ಳನೆಯ ಪೊರೆಯಂತೆ ಏಳುತ್ತದೆ. ಮೊದಲೇ ಕೈಗೆ ಕೊಬ್ಬರಿ ಎಣ್ಣೆ ಸವರಿಕೊಂಡರೆ, ಅಥವಾ ನೀರಿನೊಳಗೇ ಹೆರೆದರೆ ಈ ತಾಪತ್ರಯವಿಲ್ಲ. ಸೋರೆ, ಹೀರೆ, ಸಿಹಿಗುಂಬಳಗಳಂತೆ ಇದರಲ್ಲೂ ನೀರಿನ ಅಂಶವೇ ಹೆಚ್ಚು. ಆದ್ದರಿಂದ ಇಲ್ಲಿ ಉಪ್ಪನ್ನು ಮೊದಲೇ ಹಾಕಿ, ಮುಚ್ಚಳ ಮುಚ್ಚಿ, ಸಣ್ಣ ಉರಿಯಲ್ಲಿಟ್ಟರೆ ಹೊರಗಿನಿಂದ ನೀರು ಬೇಕಾಗುವುದೇ ಇಲ್ಲ. ಹಸಿಮೆಣಸು ಅಥವಾ ನಾಲ್ಕೈದು ಗಾಂಧಾರಿ ಮೆಣಸು, ತೆಂಗಿನತುರಿ, ಇಷ್ಟೇ ಮಸಾಲೆ. ಸೊಪ್ಪಿನದೂ ಇದೇ ಜಾತಿ, ಒಂದು ಎಚ್ಚರಿಕೆಯೊಂದಿಗೆ: ಬಾಣಲೆ ತುಂಬ ಕಾಣುವ ಸೊಪ್ಪು ಬಾಡಿದಾಗ ಹಿಡಿಯಷ್ಟಾಗುತ್ತದೆ, ಹಾಗಾಗಿ ಬಾಡಿದ ಮೇಲೆ ನೋಡಿ ಉಪ್ಪು ಹಾಕಬೇಕು.

ಹುಳಿ ಕೊನೆಗೆ ಎಂಬ ನಿಯಮಕ್ಕೆ ಮಳೆಗಾಲದಲ್ಲಿ ಒಂದು ಅಪವಾದವಿದೆ, ಅದು ಕೆಸುವಿನ ಸೊಪ್ಪು. ಕೆಸುವಿನ ಎಲೆಯಲ್ಲೂ ದಂಟಿನಲ್ಲೂ ಸೂಜಿಯಂಥ ಅತಿಸಣ್ಣ ಹರಳುಗಳಿರುತ್ತವೆ. ಕ್ಯಾಲ್ಸಿಯಂ ಆಕ್ಸಲೇಟಿನ ಈ ಹರಳುಗಳು ಚುಚ್ಚಿ ಬಾಯಿ, ಗಂಟಲು ತುರಿಸುತ್ತವೆ. ಪಕ್ಕದ ಮನೆಯ ಅಕ್ಕ ತಮ್ಮ ಗದ್ದೆ ಬದಿಯಿಂದ ಒಂದು ಕಟ್ಟು ತಂದುಕೊಟ್ಟಾಗ, ನಾನು ನನ್ನ ಪುಸ್ತಕದ ನಿಯಮ ಹೇಳಹೊರಟೆ. ಅವರು ನಕ್ಕು, "ಕೆಸುವಿಗೆ ಹುಳಿ ಮೊದಲೇ ಹಾಕ್ಬೇಕು ರೈಟ್ರೇ, ಇಲ್ಲದಿದ್ರೆ ರಾತ್ರಿಯಿಡೀ ಗಂಟಲು ಕೆರ್ಕೊಳ್ತಾ ಕೂರ್ತೀರಿ" ಎಂದರು. ಅವರು ಹೇಳಿದಂತೆ ಕೈಗೆ ಎಣ್ಣೆ ಹಚ್ಚಿಕೊಂಡು, ದಂಟಿನ ಸಿಪ್ಪೆ ಎಳೆದು, ಎಲೆಯನ್ನು ಸಣ್ಣಗೆ ಹೆಚ್ಚಿ, ನಿಂಬೆ ಗಾತ್ರದ ಹುಣಸೆಯ ರಸ, ಉಪ್ಪು, ಗಾಂಧಾರಿ ಮೆಣಸು, ಬೆಳ್ಳುಳ್ಳಿಯೊಂದಿಗೆ ಚೆನ್ನಾಗಿ ಕುದಿಸಿದೆ. ಎಲೆ ತೀರ ಮೆದುವಾದ್ದರಿಂದ ಹುಳಿಯಲ್ಲಿಯೂ ಅದು ಬೇಯುತ್ತದೆ. ಅರ್ಧ ಗಂಟೆಯಾದರೂ ಕುದಿದು, ಸೌಟಿನ ಬೆನ್ನಿನಲ್ಲಿ ಮಸೆದರೆ ಎಲೆಯ ರೂಪವೇ ಉಳಿಯದಂತಾಗಬೇಕು. ಅರೆಬೆಂದುದನ್ನು ರುಚಿ ನೋಡಲು ಹೋಗಬಾರದು.

ಜುಲೈ, ಆಗಸ್ಟ್ ತಿಂಗಳಲ್ಲಿ ಸಂತೆಗೆ ಬರುವ ಕಣಿಲೆಯನ್ನು, ಕೊಡವರ ಮನೆಗಳಲ್ಲಿ ಬೈಂಬಳೆ ಎನ್ನುವ ಎಳೆಬಿದಿರನ್ನು, ಹೊಸಬರು ಮೊದಲ ವರ್ಷ ಬಲ್ಲವರ ಜೊತೆಯಲ್ಲೇ ಮಾಡುವುದು ಕ್ಷೇಮ. ಹಸಿ ಕಣಿಲೆಯಲ್ಲಿ ಸೈನೈಡ್ ಬಿಡುಗಡೆ ಮಾಡುವ ಅಂಶವಿದೆ. ಸಣ್ಣಗೆ ಹೆಚ್ಚಿ, ದಿನವೂ ನೀರು ಬದಲಿಸುತ್ತ ಎರಡು ಮೂರು ದಿನ ನೆನೆಹಾಕಿ, ಆಮೇಲೆ ತೆರೆದ ಪಾತ್ರೆಯಲ್ಲಿ ಕುದಿಸಿ ಆ ನೀರನ್ನು ಚೆಲ್ಲಿದ ಮೇಲೆಯೇ ಅದು ತರಕಾರಿ. ಕಾಡಿನ ಅಣಬೆಯನ್ನಂತೂ ಗುರುತು ಹಿಡಿಯಬಲ್ಲ ಹಿರಿಯರು ಮನೆಯಲ್ಲಿಲ್ಲದವರು ಮುಟ್ಟದಿರುವುದೇ ಮೇಲು.

ಇಲ್ಲಿನ ಮಳೆಗಾಲದಲ್ಲಿ ಡಬ್ಬಿಗಳ ಕಡೆಗೂ ಗಮನ ಬೇಕು. ಉಪ್ಪು ನೀರೊಡೆಯುತ್ತದೆ, ಭರಣಿಗೆ ನಾಲ್ಕು ಕಾಳು ಅಕ್ಕಿ ಹಾಕಿ, ಒಣ ಮರದ ಚಮಚವನ್ನೇ ಬಳಸುತ್ತೇನೆ. ಒದ್ದೆ ಉಪ್ಪು ಚಮಚದಲ್ಲಿ ಒತ್ತಿಕೊಂಡು ಕೂರುವುದರಿಂದ ಅದೇ ಅರ್ಧ ಚಮಚದಲ್ಲಿ ಹೆಚ್ಚು ಉಪ್ಪು ಹೋಗುತ್ತದೆ, ಹಾಗಾಗಿ ಜೂನ್ ಬಂದ ಮೇಲೆ ಅಳತೆಯನ್ನು ಸ್ವಲ್ಪ ತಗ್ಗಿಸಬೇಕು. ಒಣಮೆಣಸು ಮೆತ್ತಗಾಗಿ ಬೂಷ್ಟು ಹಿಡಿಯುತ್ತದೆಯಾದ್ದರಿಂದ ವಾರಕ್ಕೊಮ್ಮೆ ಬೆಚ್ಚಗಿನ ಬಾಣಲೆಯಲ್ಲಿ ಹೊರಳಿಸಿ, ಆರಿದ ಮೇಲೆ ಡಬ್ಬಿ ಮುಚ್ಚುತ್ತೇನೆ. ಬಿಸಿಲು ಕಾಣದ ವಾರಗಳಲ್ಲಿ ಹಸಿ ತರಕಾರಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಎರಡೇ ದಿನಕ್ಕೆ ಲೋಳೆಯಾಗುತ್ತದೆ. ಬಿದಿರಿನ ಬುಟ್ಟಿಯಲ್ಲಿ ಗಾಳಿಯಾಡಲು ಬಿಟ್ಟರೆ ಬಾಳಿಕೆ ಬರುತ್ತದೆ. ಮಂಗಳೂರು ಸೌತೆ, ಸಿಹಿಗುಂಬಳ, ಸುವರ್ಣಗೆಡ್ಡೆ ಇವನ್ನು ಮೇ ತಿಂಗಳಲ್ಲೇ ತಂದು ಅಟ್ಟದ ಮೇಲೆ ಇಟ್ಟುಕೊಂಡರೆ, ಗಾಳಿಮಳೆಗೆ ಮರ ಬಿದ್ದು ರಸ್ತೆ ಮುಚ್ಚಿದ ದಿನವೂ ಅಡುಗೆಗೆ ಕೊರತೆಯಾಗುವುದಿಲ್ಲ.

ಒಬ್ಬನೇ ಇರುವವನಿಗೆ ಕಾಲು ಕಿಲೋ ಪಲ್ಯ ಒಂದು ಹೊತ್ತಿಗೆ ಮುಗಿಯುವುದಿಲ್ಲ. ರಾತ್ರಿ ಉಳಿದ ಬೀನ್ಸ್ ಪಲ್ಯವನ್ನು ಫ್ರಿಜ್ಜಿನಲ್ಲಿಟ್ಟು, ಬೆಳಿಗ್ಗೆ ಒಂದು ಲೋಟ ಅಕ್ಕಿಹಿಟ್ಟು, ಒಂದು ಹಿಡಿ ಹಿಸುಕಿದ ಅನ್ನ, ಸಣ್ಣಗೆ ಹೆಚ್ಚಿದ ಈರುಳ್ಳಿಯ ಜೊತೆ ಬಿಸಿನೀರಿನಲ್ಲಿ ಕಲಸಿ ರೊಟ್ಟಿ ತಟ್ಟುತ್ತೇನೆ. ಪಲ್ಯದಲ್ಲಿ ಉಪ್ಪಿರುವುದರಿಂದ ಹಿಟ್ಟಿಗೆ ಒಂದು ಚಿಟಿಕೆ ಸಾಕು. ಕಾವಲಿಗೆ ಎಣ್ಣೆ ಸವರಿ, ಮುಚ್ಚಳ ಮುಚ್ಚಿ, ಒಂದು ಮಗ್ಗುಲು ಬೆಂದು ಅಂಚು ತಾನಾಗಿ ಬಿಡುವವರೆಗೆ ಕಾದು ಮಗುಚಬೇಕು. ಬೆಂಡೆಯ ಪಲ್ಯ ಉಳಿದರೆ ಮಾತ್ರ ಇದಕ್ಕೆ ಬರುವುದಿಲ್ಲ. ಹಿಟ್ಟಿನ ನೀರು ತಗಲಿದ ಕೂಡಲೇ ಅದು ಮತ್ತೆ ಲೋಳೆ ಬಿಡುತ್ತದೆ.