ಎರೆಮಣ್ಣಲ್ಲೂ ಎರಡು ಗುಂಡಿ ಶೌಚಾಲಯ ನಡೆಯುತ್ತದೆ: ನನ್ನ ಅನುಭವ

"ಎರಿ ಮಣ್ಣಾಗ ನೀರು ಇಂಗೂದಿಲ್ಲೋ ತಮ್ಮಾ, ಸೆಪ್ಟಿಕ್ ಟ್ಯಾಂಕ್ ಕಟ್ಟಸು" ಅಂದವರೇ ಜಾಸ್ತಿ. ಎರಡು ಗುಂಡಿ ಶೌಚಾಲಯದಲ್ಲಿ ನೀರು ಸುತ್ತಲ ಮಣ್ಣಿಗೆ ಇಂಗಬೇಕು. ಒಂದು ಗುಂಡಿ ತುಂಬಿದರೆ ಇನ್ನೊಂದಕ್ಕೆ ತಿರುಗಿಸಿ, ತುಂಬಿದ್ದನ್ನು ಗೊಬ್ಬರವಾಗಲು ಬಿಡುತ್ತಾರೆ. ನಮ್ಮದು ನವಲಗುಂದದ ಕಡೆ. ಮಳೆ ಬಿತ್ತೆಂದರೆ ಮಣ್ಣು ಉಬ್ಬಿ, ಗುಂಡಿಗೆ ಇಳಿಸಿದ ಸಿಮೆಂಟ್ ರಿಂಗಿನ ತೂತುಗಳನ್ನೆಲ್ಲ ಮುಚ್ಚಿಬಿಡುತ್ತದೆ. ಸರ್ಕಾರದ 12,000 ರೂಪಾಯಿ ಸಹಾಯಧನದಲ್ಲಿ ಕಟ್ಟಿದ ಗುಂಡಿಗಳು ನಮ್ಮ ಓಣಿಯಲ್ಲಿ ಒಂದೇ ಮಳೆಗಾಲಕ್ಕೆ ಉಕ್ಕಿದವು. ನಮ್ಮನೆಯದೂ ಅಷ್ಟೇ. ಜನ ಮತ್ತೆ ಚೆಂಬು ಹಿಡಿದು ಹೊಲದ ಬದುವಿಗೆ ಹೋದರು. ಮಕ್ಕಳಿಗೆ ಭೇದಿ, ಜಂತುಹುಳು ತಪ್ಪಲಿಲ್ಲ.

ಟ್ಯಾಂಕಿಗೆ ಗೌಂಡಿ ಹೇಳಿದ್ದು ಸುಮಾರು 60 ಸಾವಿರ. ತುಂಬಿದಾಗ ಎಳೆಯುವ ಗಾಡಿಗೆ ಪ್ರತಿ ಸಲ ಎರಡು ಸಾವಿರದ ಮೇಲೆ. ಎಳೆದದ್ದನ್ನು ಹಳ್ಳಕ್ಕೆ ಸುರಿಯುತ್ತಾರೆ. ಅದೇ ಹಳ್ಳದ ನೀರು ದನಕ್ಕೂ ಕಾಯಿಪಲ್ಲೆಗೂ. ನನಗದು ಬೇಡವಾಗಿತ್ತು.

ಹಳೇ ರಿಂಗ್ ತೆಗೆಸಿ, ಸುತ್ತಲೂ ಒಂದಡಿ ಜಾಸ್ತಿ ಅಗೆಸಿದೆ. ತೂತಿನ ರಿಂಗ್ ಇಳಿಸಿ, ಹೊರಗಿನ ಆ ಒಂದಡಿಗೆ ಮರಳು, ಖಡಿ, ಇಟ್ಟಿಗೆ ಚೂರು ತುಂಬಿಸಿದೆ. ಈಗ ಮಣ್ಣು ಉಬ್ಬಿದರೂ ರಿಂಗಿನ ತನಕ ಬರುವುದಿಲ್ಲ. ತಳಕ್ಕೆ ಸಿಮೆಂಟ್ ಹಾಕುತ್ತೇನೆಂದು ಗೌಂಡಿ ಹಠ ಹಿಡಿದಿದ್ದ. ಮುಂದೆ ನಿಂತು ತಡೆದೆ. ಗುಂಡಿ ಬಾಯಿ ನೆಲದಿಂದ ಗೇಣುದ್ದ ಮೇಲಿದೆ, ಮಳೆನೀರು ನುಗ್ಗಬಾರದಲ್ವಾ? ಕಡಿದಾದ ಇಳಿಜಾರಿನ ಪ್ಯಾನ್ ಹಾಕಿಸಿದ್ದರಿಂದ ಎರಡು ಲೀಟರ್ ನೀರು ಸಾಕು. ಒಟ್ಟು 27-28 ಸಾವಿರ ಆಯಿತು. ಅದರಲ್ಲಿ ಏಳೆಂಟು ಸಾವಿರ ಮರಳು, ಖಡಿಗೇ. ನಾವು ಕುಡಿಯುವುದು ಕೆರೆ ನೀರು, ಕೆರೆ ದೂರ ಇದೆ. ಮನೆ ಪಕ್ಕದಲ್ಲೇ ಕುಡಿಯುವ ಬಾವಿ ಇದ್ದವರು ಸುಮ್ನೆ ಇದನ್ನು ನಕಲು ಮಾಡಬೇಡಿ.

ಒಂದು ಗುಂಡಿಯಿಂದ ಇನ್ನೊಂದಕ್ಕೆ ತಿರುಗಿಸುವ ಛೇಂಬರ್ ಬ್ಲಾಕ್ ಆಗದಂತೆ ಒಂದು ಉಪಾಯ ಮಾಡಿದ್ದೇನೆ. ಅದನ್ನು ಬರೆಯುವುದಿಲ್ಲ, ಮನೆಗೆ ಬಂದವರಿಗೆ ತೋರಿಸುತ್ತೇನೆ.

ಮೊದಲ ಗುಂಡಿ ತುಂಬಲು ಮೂರು ವರ್ಷದ ಹತ್ತಿರ ಹಿಡಿಯಿತು. ಎರಡನೆಯದಕ್ಕೆ ತಿರುಗಿಸಿ, ಇದನ್ನು ಎರಡು ಮಳೆಗಾಲ ಮುಚ್ಚಿಟ್ಟೆ. ವರ್ಷ ಸಾಕು ಅನ್ನುತ್ತಾರೆ. ಆದರೆ ಜಂತುಹುಳದ ಮೊಟ್ಟೆ ಬೇಗ ಸಾಯುವುದಿಲ್ಲ. ತೆಗೆದಾಗ ಕಪ್ಪಗೆ, ಪುಡಿಪುಡಿ, ವಾಸನೆಯೇ ಇಲ್ಲ. ಅವ್ವ ಕೈಯಲ್ಲಿ ಹಿಡಿದು ಮೂಸಿ, "ತಿಪ್ಪಿ ಗೊಬ್ಬರಕ್ಕಿಂತ ಚಲೋ ಐತಿ" ಅಂದಳು. ಹತ್ತಿಗೂ ನಿಂಬೆಗೂ ಹಾಕಿದೆ. ಉಳ್ಳಾಗಡ್ಡಿ, ಮೆಂತ್ಯೆಗೆ ಹಾಕಲಿಲ್ಲ, ಹಾಕಲೂಬಾರದು.

ಬಚ್ಚಲ ನೀರನ್ನು ಖಡಿಯಲ್ಲಿ ಹಾಯಿಸಿ ಬಾಳೆಗೆ ಬಿಟ್ಟೂ ನೋಡಿದೆ. ಗೊನೆ ಚೆನ್ನಾಗಿಯೇ ಬಂತು. ಹಿತ್ತಲಲ್ಲಿ ನಿಲ್ಲುತ್ತಿದ್ದ ಕೊಚ್ಚೆಯೂ, ಅದರ ಜೊತೆ ಸೊಳ್ಳೆಯೂ ಕಡಿಮೆಯಾದವು.

ಮಕ್ಕಳಿಗೆ ಮೊದಲಿನಷ್ಟು ಭೇದಿ ಇಲ್ಲ. ಅದೆಲ್ಲ ಗುಂಡಿಯಿಂದಲೇ ಅನ್ನುವುದಿಲ್ಲ, ಸೋಪು ಹಚ್ಚಿ ಕೈ ತೊಳೆಯುವುದೂ ಆಗಲೇ ಶುರುವಾಗಿತ್ತು. ಓಣಿಯಲ್ಲಿ ಈಗ ಇನ್ನೂ ಮೂರು ಮನೆಯವರು ಅಗೆಸುತ್ತಿದ್ದಾರೆ. ಅಳತೆ ಕೇಳಲು ಅದೇ ಗೌಂಡಿ ನನ್ನ ಹತ್ತಿರ ಬರುತ್ತಾನೆ.