ಡ್ರಾಫ್ಟ್ ಆದ ಹುಡುಗನನ್ನು ತೂಗಿ ನೋಡುವುದು ಹೇಗೆ: ಐಸ್ ಹಾಕಿ ಅಭಿಮಾನಿಗಳ ವಾದಕ್ಕೊಂದು ಕೈಪಿಡಿ

ಉತ್ತರ ಅಮೆರಿಕದ ವೃತ್ತಿಪರ ಐಸ್ ಹಾಕಿ ಲೀಗ್ ಆದ ಎನ್‌ಎಚ್‌ಎಲ್‌ನ ತಂಡಗಳು ಸರದಿಯಂತೆ ಎಳೆಯ ಆಟಗಾರರನ್ನು ಆರಿಸಿಕೊಳ್ಳುವುದೇ ಡ್ರಾಫ್ಟ್. ಸಾಮಾನ್ಯವಾಗಿ ಜೂನ್ ಕೊನೆಗೆ ನಡೆಯುವ ಅದರಲ್ಲಿ 7 ಸುತ್ತು, 32 ತಂಡ. ಇನ್ನೂರಕ್ಕೂ ಹೆಚ್ಚು ಹುಡುಗರ ಹೆಸರು ಕೂಗುತ್ತಾರೆ. ಕೂಗಿದ ಗಳಿಗೆಯಿಂದಲೇ ಅಭಿಮಾನಿಗಳಲ್ಲಿ ವಾದ ಹತ್ತಿಕೊಳ್ಳುತ್ತದೆ. ಇವನು ದೊಡ್ಡ ಆಟಗಾರನಾಗುತ್ತಾನೆ ಎಂದು ಒಬ್ಬರು, ಇಷ್ಟು ಬೇಗ ಆರಿಸಿದ್ದೇ ತಪ್ಪು ಎಂದು ಇನ್ನೊಬ್ಬರು. ವಾದಿಸುವವರಿಗೆ ಆಟ ಗೊತ್ತಿರುತ್ತದೆ. ಆದರೂ ಮಾತು ಹಳ್ಳ ಹಿಡಿಯುತ್ತದೆ, ಏಕೆಂದರೆ ಇಬ್ಬರೂ ಬೇರೆ ಬೇರೆ ಪ್ರಶ್ನೆಗೆ ಉತ್ತರ ಕೊಡುತ್ತಿರುತ್ತಾರೆ.

ಮೊದಲು ಪ್ರಶ್ನೆಯನ್ನು ಬಿಡಿಸಿಕೊಳ್ಳಿ

ಎಲ್ಲವೂ ಕೂಡಿಬಂದರೆ ಹುಡುಗ ಎಷ್ಟು ಎತ್ತರಕ್ಕೆ ಹೋಗಬಲ್ಲ ಎಂಬುದು ಒಂದು ಪ್ರಶ್ನೆ. ಅಷ್ಟು ಎತ್ತರಕ್ಕೆ ಹೋಗುವ ಸಂಭವ ಎಷ್ಟು ಎಂಬುದು ಎರಡನೆಯದು. ಯಾವಾಗ ಎಂಬುದು ಮೂರನೆಯದು. ಎತ್ತರ ದೊಡ್ಡದಿದ್ದು ಸಂಭವ ಕಡಿಮೆ ಇರುವ ಹುಡುಗನ ವಿಷಯದಲ್ಲಿ ಹೊಗಳುವವರೂ ಅನುಮಾನಿಸುವವರೂ ಇಬ್ಬರೂ ಸರಿಯಾಗಿರಬಹುದು. ಯಾವುದರ ಬಗ್ಗೆ ಮಾತಾಡುತ್ತಿದ್ದೀರಿ ಎಂದು ಮೊದಲ ವಾಕ್ಯದಲ್ಲೇ ಹೇಳಿಬಿಡಿ.

ಹಾಗೆಯೇ ‘ಒಳ್ಳೆಯ ಆಟಗಾರ’ ಎಂಬ ಮಾತು ಬಿಟ್ಟು, ತಂಡದಲ್ಲಿ ಅವನ ಜಾಗ ಯಾವುದು ಎಂದು ಹೇಳಿ. ಒಂದು ತಂಡ ಪಂದ್ಯಕ್ಕೆ ಸಾಮಾನ್ಯವಾಗಿ 12 ಫಾರ್ವರ್ಡ್, 6 ಡಿಫೆನ್ಸ್‌ಮನ್, 2 ಗೋಲಿಗಳನ್ನು (ಗೋಲ್‌ಕೀಪರ್) ಇಳಿಸುತ್ತದೆ: ಮೂವರ ನಾಲ್ಕು ಸಾಲು, ಇಬ್ಬರ ಮೂರು ಜೋಡಿ. ‘22ರ ವಯಸ್ಸಿಗೆ ಎರಡನೇ ಸಾಲಿನ ವಿಂಗರ್, ಪವರ್ ಪ್ಲೇಯಲ್ಲೂ (ಎದುರಾಳಿಯೊಬ್ಬ ಶಿಕ್ಷೆಯಾಗಿ ಹೊರಗಿರುವಾಗಿನ ಆಟ) ಜಾಗ’ ಎಂದರೆ ಅದನ್ನು ಮುಂದೆ ಒರೆಗೆ ಹಚ್ಚಬಹುದು. ‘ಭವಿಷ್ಯ ಉಜ್ವಲ’ ಎಂದರೆ ಒರೆಗೆ ಹಚ್ಚಲು ಏನೂ ಇರುವುದಿಲ್ಲ.

ಅಂಕಿಗಿಂತ ಮೊದಲು ಹುಟ್ಟಿದ ದಿನ

ಅಭಿಮಾನಿಗಳು ಅತಿ ಹೆಚ್ಚು ಮರೆಯುವುದು ಇದನ್ನೇ. ಡ್ರಾಫ್ಟ್ ಆಗಲು ಆ ವರ್ಷದ ಸೆಪ್ಟೆಂಬರ್ 15ರೊಳಗೆ 18 ತುಂಬಬೇಕು. 16ನೇ ತಾರೀಕು ಹುಟ್ಟಿದವನು ಇನ್ನೊಂದು ವರ್ಷ ಕಾಯಬೇಕು. ಹಾಗಾಗಿ ಮೊದಲ ಬಾರಿ ಡ್ರಾಫ್ಟ್‌ಗೆ ಬಂದ ಹುಡುಗರ ನಡುವೆಯೇ ಹೆಚ್ಚುಕಡಿಮೆ ಒಂದು ವರ್ಷದ ಅಂತರ ಇರಬಹುದು. ಆ ವಯಸ್ಸಿನಲ್ಲಿ ಒಂದು ವರ್ಷ ಎಂದರೆ ಕಾಲಿನ ಬಲ, ಮೈತೂಕ, ಆಟದ ಅನುಭವ ಎಲ್ಲದರಲ್ಲೂ ದೊಡ್ಡ ವ್ಯತ್ಯಾಸ.

ಎರಡು ತುದಿ ನೋಡಿ. ಆಸ್ಟನ್ ಮ್ಯಾಥ್ಯೂಸ್ ಹುಟ್ಟಿದ್ದು 1997ರ ಸೆಪ್ಟೆಂಬರ್ 17ರಂದು. ಎರಡು ದಿನದ ಅಂತರದಲ್ಲಿ 2015ರ ಡ್ರಾಫ್ಟ್ ಕೈತಪ್ಪಿ, ಒಂದು ಋತುವನ್ನು ಸ್ವಿಟ್ಜರ್ಲೆಂಡ್‌ನ ಜ್ಯೂರಿಕ್ ತಂಡದಲ್ಲಿ ಪೂರ್ಣ ಬೆಳೆದ ಗಂಡಸರ ಎದುರು ಆಡಿ, 2016ರಲ್ಲಿ ಮೊದಲನೆಯವನಾಗಿ ಟೊರಾಂಟೊಗೆ ಬಂದರು. ಮ್ಯಾಥ್ಯೂ ಶೇಫರ್ ಹುಟ್ಟಿದ್ದು 2007ರ ಸೆಪ್ಟೆಂಬರ್ 5ರಂದು, ಗಡುವಿಗೆ ಹತ್ತೇ ದಿನ ಮೊದಲು. ಕೊರಳೆಲುಬು ಮುರಿದು, ಡ್ರಾಫ್ಟ್‌ನ ಹಿಂದಿನ ಋತುವಿನಲ್ಲಿ ಈರಿ ಜೂನಿಯರ್ ತಂಡಕ್ಕೆ 17 ಪಂದ್ಯವಷ್ಟೇ ಆಡಿದ್ದರೂ 2025ರಲ್ಲಿ ನ್ಯೂಯಾರ್ಕ್ ಐಲ್ಯಾಂಡರ್ಸ್ ಮೊದಲ ಆಯ್ಕೆಯಾಗಿ ಅವರನ್ನೇ ಕರೆಯಿತು. ಆ ಆಟ ಆ ವರ್ಷದ ಡ್ರಾಫ್ಟ್‌ನ ಅತಿ ಕಿರಿಯರಲ್ಲಿ ಒಬ್ಬನಾದ ಹುಡುಗನದು ಎಂಬುದೂ ತೂಕಕ್ಕೆ ಬಂದಿತ್ತು.

ಮಾಡಬೇಕಾದದ್ದು ಸುಲಭ. ಡ್ರಾಫ್ಟ್ ವರ್ಷದ ಸೆಪ್ಟೆಂಬರ್ 15ಕ್ಕೆ ಹುಡುಗನ ವಯಸ್ಸನ್ನು ವರ್ಷ ಮತ್ತು ತಿಂಗಳಲ್ಲಿ ಬರೆದುಕೊಳ್ಳಿ. ಇಬ್ಬರನ್ನು ಹೋಲಿಸುವಾಗ ಅಂತರ ಎಂಟು ತಿಂಗಳು ದಾಟಿದರೆ, ದೊಡ್ಡವನ ಹಿಂದಿನ ಋತುವನ್ನೂ ಚಿಕ್ಕವನ ಈ ಋತುವಿನ ಪಕ್ಕ ಇಡಿ. ಒಮ್ಮೆ ಯಾರೂ ಆರಿಸದೆ ಬಿಟ್ಟು 19ರಲ್ಲಿ ಮತ್ತೆ ಡ್ರಾಫ್ಟ್‌ಗೆ ಬಂದವನ ಅಂಕಿಗಳನ್ನು 17ರ ಹುಡುಗರ ಅಂಕಿಗಳ ಜೊತೆ ಒಂದೇ ಪಟ್ಟಿಯಲ್ಲಿ ಎಂದೂ ಇಡಬೇಡಿ.

ಪಾಯಿಂಟ್‌ಗಳನ್ನು ಸೋಸುವುದು

ಗೋಲು ಹೊಡೆದರೆ ಒಂದು ಪಾಯಿಂಟ್, ಅದಕ್ಕೆ ನೆರವಾದರೆ (ಅಸಿಸ್ಟ್) ಒಂದು ಪಾಯಿಂಟ್. ಒಂದು ಗೋಲಿಗೆ ಎರಡು ಅಸಿಸ್ಟ್‌ವರೆಗೆ ಕೊಡುತ್ತಾರೆ. ಕೊನೆಯ ಪಾಸ್ ಕೊಟ್ಟವನಿಗೂ ಅದಕ್ಕಿಂತ ಹಿಂದೆ ಪಕ್ (ಆಟದ ರಬ್ಬರ್ ಬಿಲ್ಲೆ) ಮುಟ್ಟಿದವನಿಗೂ ಸಿಗುವುದು ಒಂದೇ ಪಾಯಿಂಟ್. ಎರಡನೇ ಅಸಿಸ್ಟ್‌ನಲ್ಲಿ ಅದೃಷ್ಟದ ಪಾಲು ಹೆಚ್ಚು, ಮುಂದಿನ ವರ್ಷ ಅದು ಹಾಗೇ ಉಳಿಯುತ್ತದೆ ಎಂಬ ಭರವಸೆ ಕಡಿಮೆ. ಪವರ್ ಪ್ಲೇ ಪಾಯಿಂಟ್‌ಗಳದೂ ಇನ್ನೊಂದು ತೊಡಕು: ಜೂನಿಯರ್ ತಂಡದಲ್ಲಿ ಎರಡು ನಿಮಿಷ ಪೂರ್ತಿ ಮಂಜಿನ ಮೇಲಿರುವ ಹುಡುಗನಿಗೆ ಎನ್‌ಎಚ್‌ಎಲ್‌ನಲ್ಲಿ ಆ ಜಾಗವೇ ಸಿಗದಿರಬಹುದು.

ಲೆಕ್ಕ ತೋರಿಸಲು ಇಬ್ಬರು ಕಲ್ಪಿತ ಹುಡುಗರನ್ನು ಇಟ್ಟುಕೊಳ್ಳೋಣ, ಒಂದೇ ಲೀಗ್, ಒಂದೇ ವಯಸ್ಸು, ತಲಾ 64 ಪಂದ್ಯ. ಮೊದಲನೆಯವನದು 80 ಪಾಯಿಂಟ್, ಪಂದ್ಯಕ್ಕೆ 1.25. ಎರಡನೆಯವನದು 64, ಪಂದ್ಯಕ್ಕೆ 1. ಈಗ ಐವರ ಎದುರು ಐವರು ಇದ್ದಾಗ ಬಂದದ್ದನ್ನಷ್ಟೇ ಉಳಿಸಿಕೊಳ್ಳಿ: ಮೊದಲನೆಯವನಿಗೆ 46, ಎರಡನೆಯವನಿಗೆ 48. ಅದರಲ್ಲಿ ಎರಡನೇ ಅಸಿಸ್ಟ್‌ಗಳನ್ನು ಕಳೆಯಿರಿ: 14 ಮತ್ತು 8. ಉಳಿದದ್ದು 32 ಮತ್ತು 40. ಪಂದ್ಯಕ್ಕೆ 0.50 ಒಬ್ಬನಿಗೆ, 0.625 ಇನ್ನೊಬ್ಬನಿಗೆ. ಪಟ್ಟಿಯಲ್ಲಿ 16 ಪಾಯಿಂಟ್ ಹಿಂದಿದ್ದವನು ಸೋಸಿದ ಮೇಲೆ ಮುಂದೆ ಬಂದ. ಇದರಿಂದ ತೀರ್ಪು ಮುಗಿಯುವುದಿಲ್ಲ. ಆದರೆ ಇಷ್ಟಾದರೂ ಮಾಡದೆ 80 ದೊಡ್ಡದು ಎನ್ನಬಾರದು.

ಗೋಲುಗಳಿಗೆ ಇನ್ನೊಂದು ಜರಡಿ: ಎಷ್ಟು ಹೊಡೆತಕ್ಕೆ ಎಷ್ಟು ಗೋಲು. ಎನ್‌ಎಚ್‌ಎಲ್‌ನಲ್ಲಿ ಒಟ್ಟಾರೆ ನೂರು ಹೊಡೆತಕ್ಕೆ ಸುಮಾರು ಹತ್ತು ಗೋಲು ಬರುತ್ತವೆ. 120 ಹೊಡೆತದಲ್ಲಿ 30 ಗೋಲು, ಅಂದರೆ ನೂರಕ್ಕೆ 25, ಹೊಡೆದವನು ನಿಜಕ್ಕೂ ಅಷ್ಟು ಒಳ್ಳೆಯ ಗುರಿಕಾರನೋ ಅಥವಾ ಆ ವರ್ಷ ಎಲ್ಲವೂ ಒಳಗೆ ಹೋಯಿತೋ ಎಂದು ಕೇಳಲೇಬೇಕು. ನೈಲ್ ಯಾಕುಪೊವ್ 2012ರ ಮೊದಲ ಆಯ್ಕೆ. 2012-13ರ ಮೊಟಕಾದ ಋತುವಿನಲ್ಲಿ 48 ಪಂದ್ಯಕ್ಕೆ 17 ಗೋಲು ಹೊಡೆದಾಗ ಎಡ್ಮಂಟನ್ ಅಭಿಮಾನಿಗಳು ಸಂಭ್ರಮಿಸಿದರು. ಆದರೆ ಐದು ಹೊಡೆತಕ್ಕೊಂದು ಗೋಲಿನ ಲೆಕ್ಕದಲ್ಲಿ ಬಂದಿದ್ದ ಗೋಲುಗಳವು. ಮರುವರ್ಷ 63 ಪಂದ್ಯಕ್ಕೆ 11. ಹೊಡೆತಗಳ ಸಂಖ್ಯೆ ಏರುತ್ತಿರುವ ಹುಡುಗನ ಮೇಲೆ ನಂಬಿಕೆ ಇಡಿ. ಗೋಲು ಮಾತ್ರ ಏರಿ ಹೊಡೆತ ಹಾಗೇ ಇದ್ದರೆ ಒಂದು ವರ್ಷ ಕಾಯಿರಿ.

ಲೀಗ್ ಬದಲಾದರೆ ಅಂಕಿಯ ಬೆಲೆಯೂ ಬದಲು. ಲೀಗ್‌ಗಳ ನಡುವೆ ಗುಣಕ ಇಟ್ಟು, ಒಂದು ಲೀಗ್‌ನ ಪಾಯಿಂಟ್‌ಗಳನ್ನು ಎನ್‌ಎಚ್‌ಎಲ್ ಪಾಯಿಂಟ್‌ಗಳಿಗೆ ಪರಿವರ್ತಿಸುವ ಪದ್ಧತಿ ಇದೆ. ಒಳ್ಳೆಯ ಉಪಕರಣ, ಆದರೆ ಒರಟು. ಸ್ವೀಡನ್ನಿನ ಎಸ್‌ಎಚ್‌ಎಲ್ ಅಥವಾ ಫಿನ್ಲೆಂಡಿನ ಲೀಗಾ ಎಂಬ ಗಂಡಸರ ಲೀಗ್‌ಗಳಲ್ಲಿ 17ರ ಹುಡುಗ ಬಹಳ ಸಲ ನಾಲ್ಕನೇ ಸಾಲಿನಲ್ಲಿ ಏಳೆಂಟು ನಿಮಿಷ ಆಡುತ್ತಾನೆ. ಅವನ ಖಾತೆಯಲ್ಲಿ ಆರು ಪಾಯಿಂಟ್ ಇರಬಹುದು. ಗುಣಕ ಅದನ್ನು ಬಡವನ ಲೆಕ್ಕ ಎನ್ನುತ್ತದೆ. ಕೋಚ್ ಒಬ್ಬ 17ರ ಹುಡುಗನನ್ನು ಗಂಡಸರ ಪಂದ್ಯಕ್ಕೆ ವಾರ ವಾರ ಇಳಿಸುತ್ತಿದ್ದಾನೆ ಎಂಬುದೇ ಅಲ್ಲಿ ದೊಡ್ಡ ಸುದ್ದಿ. ಆಡಿದ ನಿಮಿಷ ಸಿಗುವ ಕಡೆ 60 ನಿಮಿಷಕ್ಕೆ ಎಷ್ಟು ಪಾಯಿಂಟ್ ಎಂದು ಲೆಕ್ಕ ಹಾಕಿ, ಅದೇ ಹುಡುಗ ಜೂನಿಯರ್ ತಂಡಕ್ಕೆ ಇಳಿದಾಗ ಏನು ಮಾಡಿದ ಎಂಬುದನ್ನೂ ಜೊತೆಗಿಡಿ.

ಕಣ್ಣಿನ ಕೆಲಸ

ಗೋಲುಗಳನ್ನಷ್ಟೇ ಪೋಣಿಸಿದ ಎರಡು ನಿಮಿಷದ ವಿಡಿಯೊ ನೋಡಿ ಮಾತಾಡಬೇಡಿ. ಅದರಲ್ಲಿ ಎಲ್ಲ ಹುಡುಗರೂ ಅದ್ಭುತವೇ. ಮೂರು ಪೂರ್ಣ ಪಂದ್ಯ ಹುಡುಕಿ: ಅವನು ಮಿಂಚಿದ್ದು ಒಂದು, ಪಾಯಿಂಟ್ ಇಲ್ಲದೆ ಮುಗಿಸಿದ್ದು ಒಂದು, ಲೀಗ್‌ನ ಬಲವಾದ ತಂಡದ ಎದುರಿನದು ಒಂದು. ಆಟಗಾರ ಮಂಜಿಗಿಳಿದು ಬೆಂಚಿಗೆ ಮರಳುವ ಒಂದು ಸರದಿ, ಅಂದರೆ ಶಿಫ್ಟ್, ಸುಮಾರು 45 ಸೆಕೆಂಡು. ಅಷ್ಟು ಹೊತ್ತು ಪಕ್ ಬಿಟ್ಟು ಹುಡುಗನನ್ನೇ ನೋಡಿ. ಅಭ್ಯಾಸವಿಲ್ಲದವರಿಗೆ ಇದು ಕಷ್ಟ, ಕಣ್ಣು ಪಕ್ಕಿನ ಹಿಂದೆ ಓಡುತ್ತದೆ. ಎರಡನೇ ಪಂದ್ಯದ ಹೊತ್ತಿಗೆ ಹಿಡಿತಕ್ಕೆ ಬರುತ್ತದೆ.

ಎಣಿಸಬೇಕಾದ್ದು ನಾಲ್ಕು ಸಂಗತಿ. ಪಕ್ ತನ್ನ ಹತ್ತಿರ ಬರುವ ಮೊದಲು ಭುಜದ ಮೇಲಿಂದ ಹಿಂದೆ ನೋಡಿದನೇ? ಎದುರಾಳಿಯ ಬ್ಲೂ ಲೈನ್ (ಅವರ ವಲಯದ ಗಡಿಗೆರೆ) ದಾಟುವಾಗ ಪಕ್ ಕೋಲಿನಲ್ಲಿತ್ತೇ, ಮೂಲೆಗೆ ಹೊಡೆದು ಬಿಟ್ಟನೇ, ಕಳೆದುಕೊಂಡನೇ? ಹೊಡೆತ, ಪಾಸುಗಳು ಗೋಲಿನ ಎದುರಿನ ಜಾಗಕ್ಕೆ ಹೋದವೇ ಅಥವಾ ಬೋರ್ಡ್ ಅಂಚಿನಲ್ಲೇ ಸುತ್ತಿದವೇ? ಪಕ್ ಕಳೆದುಕೊಂಡ ಮೇಲಿನ ಮೂರು ಸೆಕೆಂಡಿನಲ್ಲಿ ಕಾಲು ಓಡಿತೇ, ನಿಂತಿತೇ? ಕಾಗದದ ಮೇಲೆ ಗೆರೆ ಎಳೆದು ಎಣಿಸಿ. ಮೂರು ಪಂದ್ಯದಲ್ಲಿ ಬ್ಲೂ ಲೈನ್ ದಾಟಿದ್ದೇ ಇಪ್ಪತ್ತು ಮೂವತ್ತು ಸಲ ಬರುತ್ತದೆ. ‘ನನಗನಿಸಿದ್ದು’ ಎಂಬ ಮಾತಿಗಿಂತ ಆ ಗೆರೆಗಳು ವಾದದಲ್ಲಿ ಗಟ್ಟಿಯಾಗಿ ನಿಲ್ಲುತ್ತವೆ.

ನಾಲ್ಕರಲ್ಲಿ ಮೊದಲನೆಯದೇ ದೊಡ್ಡದು. ಹಿಂದೆ ನೋಡಿ ಪಕ್ ಪಡೆಯುವ ಹುಡುಗನಿಗೆ ಮುಂದಿನ ಪಾಸ್ ಮೊದಲೇ ಗೊತ್ತಿರುತ್ತದೆ. ನೋಡದವನು ಪಕ್ ಪಡೆದ ಮೇಲೆ ಯೋಚಿಸುತ್ತಾನೆ. ಜೂನಿಯರ್ ಆಟದಲ್ಲಿ ಯೋಚಿಸಲು ಸಮಯ ಸಿಗುತ್ತದೆ, ಎನ್‌ಎಚ್‌ಎಲ್‌ನಲ್ಲಿ ಸಿಗುವುದಿಲ್ಲ. ಯುರೋಪಿನ ಅಗಲದ ರಿಂಕ್‌ಗಳಲ್ಲಿ ಬೆಳೆದವರ ವಿಷಯದಲ್ಲಿ ಇದನ್ನು ಇನ್ನೂ ಗಮನಿಸಿ: ಅಲ್ಲಿ 30 ಮೀಟರ್‌ವರೆಗೆ ಅಗಲ, ಎನ್‌ಎಚ್‌ಎಲ್‌ನಲ್ಲಿ 85 ಅಡಿ, ಅಂದರೆ 26 ಮೀಟರಿಗೆ ತುಸು ಕಡಿಮೆ. ಆ ನಾಲ್ಕು ಮೀಟರಿನಲ್ಲಿ ಸಿಗುತ್ತಿದ್ದ ಉಸಿರಾಟದ ಜಾಗ ಇಲ್ಲಿ ಇಲ್ಲ.

ಸ್ಕೇಟಿಂಗ್ ಬಗ್ಗೆ ‘ನಿಧಾನ’ ಎಂದಷ್ಟೇ ಹೇಳಿದರೆ ಸಾಲದು. ನಿಂತಲ್ಲಿಂದ ಮೊದಲ ಮೂರು ಹೆಜ್ಜೆ ಒಂದು ಗುಣ, ನೇರ ಓಟದ ವೇಗ ಬೇರೆ, ತಿರುವಿನಲ್ಲಿ ವೇಗ ಕಳೆಯದಿರುವುದು ಮತ್ತೊಂದು. ಮೊದಲ ಹೆಜ್ಜೆಗಳು ಕಾಲಿಗೆ ಬಲ ಬಂದಂತೆ, ಒಳ್ಳೆಯ ತರಬೇತಿ ಸಿಕ್ಕಂತೆ ಸುಧಾರಿಸುತ್ತವೆ. ಹೊಡೆತದ ವೇಗವೂ ಹಾಗೆಯೇ. ಆಟ ಓದುವ ಬುದ್ಧಿ, ಇಕ್ಕಟ್ಟಿನಲ್ಲಿ ಪಕ್ ಉಳಿಸಿಕೊಳ್ಳುವ ಕೈ ಇವು 18ರ ನಂತರ ಅಷ್ಟಾಗಿ ಬರುವುದಿಲ್ಲ. ಬುದ್ಧಿ ಇದ್ದು ಕಾಲು ನಿಧಾನವಿರುವವನನ್ನೂ ಕಾಲು ಇದ್ದು ಬುದ್ಧಿ ಇಲ್ಲದವನನ್ನೂ ಪಕ್ಕಪಕ್ಕ ಇಟ್ಟರೆ ಮೊದಲನೆಯವನ ಕಡೆ ವಾಲುವುದು ಸರಿ. ಮುಂದೆ ತಾರೆಯಾದ ಬ್ರೇಡನ್ ಪಾಯಿಂಟ್ ಎಂಬ ಆಟಗಾರ 2014ರಲ್ಲಿ 79ನೆಯವನಾಗಿ ಹೋದಾಗ ಮೈಕಟ್ಟು ಚಿಕ್ಕದು ಎಂಬ ಅನುಮಾನವಿತ್ತು. ಆರಿಸಿಕೊಂಡ ಟ್ಯಾಂಪಾ ತಂಡ ಅವರ ಸ್ಕೇಟಿಂಗ್ ತಿದ್ದಿತು. ಆಟ ಓದುವ ಬುದ್ಧಿ ಮೊದಲೇ ಇತ್ತು.

ಜೂನಿಯರ್‌ನಲ್ಲಿ ಮಾತ್ರ ನಡೆಯುವ ಕೆಲವು ಉಪಾಯಗಳಿವೆ, ಅವುಗಳಿಗೆ ಮಾರುಹೋಗಬೇಡಿ. ಆರೂಕಾಲು ಅಡಿಯ ಹುಡುಗ 16ರ ಮಕ್ಕಳನ್ನು ಮೈಯಿಂದ ತಳ್ಳಿ ಗೋಲಿಗೆ ನುಗ್ಗುವುದು. ಬ್ಲೂ ಲೈನ್ ಬಳಿ ಕೋಲಿನ ಕೈಚಳಕದಿಂದ ಇಬ್ಬರನ್ನು ದಾಟುವುದು. ಡಿಫೆನ್ಸ್‌ಮನ್ ಆದವನು ಜಾಗ ಬಿಟ್ಟು ಓಡಿ ಬರೀ ವೇಗದಿಂದ ಹಿಂತಿರುಗಿ ತಪ್ಪು ಮುಚ್ಚಿಕೊಳ್ಳುವುದು. ಡಿಫೆನ್ಸ್‌ಮನ್‌ಗಳಲ್ಲಿ ನೋಡಬೇಕಾದ್ದು ತನ್ನ ಗೋಲಿನ ಹಿಂದೆ ಪಕ್ ಎತ್ತಿಕೊಳ್ಳುವ ಕ್ಷಣ: ಬೆನ್ನ ಮೇಲೆ ಎದುರಾಳಿ ಇದ್ದಾಗ ಒಂದೇ ಪಾಸಿನಲ್ಲಿ ಹೊರಬಂದನೇ, ಗಾಜಿಗೆ ಬಡಿದು ಕೈತೊಳೆದುಕೊಂಡನೇ.

ಗೋಲಿಗಳ ವಿಷಯದಲ್ಲಿ ಈ ಇಡೀ ಪದ್ಧತಿ ಸೋಲುತ್ತದೆ. ಮುಂದೆ ದೊಡ್ಡ ಹೆಸರು ಮಾಡಿದ ಗೋಲಿಗಳನ್ನೇ ನೋಡಿ: ಹೆನ್ರಿಕ್ ಲುಂಡ್‌ಕ್ವಿಸ್ಟ್ 2000ದಲ್ಲಿ 205ನೆಯವರು, ಕಾನರ್ ಹೆಲೆಬಕ್ 2012ರಲ್ಲಿ 130ನೆಯವರು, ಇಗೊರ್ ಶೆಸ್ಟರ್ಕಿನ್ 2014ರಲ್ಲಿ 118ನೆಯವರು. ನಾಲ್ಕೈದು ವರ್ಷ ಸುಮ್ಮನಿರುವುದೇ ವಾಸಿ.

ಆಯ್ಕೆಯ ಸಂಖ್ಯೆ ಏನು ಹೇಳುತ್ತದೆ

ಎನ್‌ಎಚ್‌ಎಲ್‌ನ ಸೆಂಟ್ರಲ್ ಸ್ಕೌಟಿಂಗ್ ಉತ್ತರ ಅಮೆರಿಕದ ಸ್ಕೇಟರ್‌ಗಳು, ಯುರೋಪಿನ ಸ್ಕೇಟರ್‌ಗಳು, ಎರಡೂ ಕಡೆಯ ಗೋಲಿಗಳು ಎಂದು ನಾಲ್ಕು ಪ್ರತ್ಯೇಕ ಪಟ್ಟಿ ಮಾಡುತ್ತದೆ. ಯುರೋಪಿನ ಪಟ್ಟಿಯಲ್ಲಿ 10ನೆಯವನು 35ನೇ ಆಯ್ಕೆಯಾದರೆ ಅದು ಕುಸಿತವಲ್ಲ. 2019ರಲ್ಲಿ ಡೆಟ್ರಾಯ್ಟ್ ಮೊರಿಟ್ಜ್ ಸೈಡರ್‌ನನ್ನು 6ನೇ ಆಯ್ಕೆಯಾಗಿ ಕರೆದಾಗ ಬಹಳ ಬೇಗವಾಯಿತು ಎಂದವರೇ ಹೆಚ್ಚು. 2022ರಲ್ಲಿ ವರ್ಷದ ಹೊಸ ಆಟಗಾರನಿಗೆ ಕೊಡುವ ಕಾಲ್ಡರ್ ಟ್ರೋಫಿ ಅವರದಾಯಿತು. ತಂಡದ ಬಳಿ ವೈದ್ಯಕೀಯ ವರದಿ, ಸಂದರ್ಶನ, ಹತ್ತಾರು ನೇರ ಪಂದ್ಯಗಳ ಟಿಪ್ಪಣಿ ಇರುತ್ತವೆ. ಹಾಗೆಂದು ತಂಡಗಳು ಎಡವುವುದಿಲ್ಲ ಎಂದೂ ಅಲ್ಲ: ಮುಂದೆ ತಾರೆಗಳಾದ ನಿಕಿತಾ ಕುಚೆರೊವ್ 58ರವರೆಗೆ, ಕಿರಿಲ್ ಕಪ್ರಿಜೊವ್ 135ರವರೆಗೆ, ಪಾವೆಲ್ ದತ್ಸ್ಯುಕ್ 171ರವರೆಗೆ ಉಳಿದಿದ್ದರು.

ವಾಪಸ್ ಕಳಿಸಿದರು ಎಂದು ಕೂಗುವ ಮೊದಲು

ಸೆಪ್ಟೆಂಬರ್ ಶಿಬಿರದಿಂದ ಹುಡುಗನನ್ನು ಜೂನಿಯರ್ ತಂಡಕ್ಕೆ ಕಳಿಸಿದಾಗ ಅಭಿಮಾನಿಗಳು ನಿರಾಶರಾಗುತ್ತಾರೆ. ಬಹುತೇಕ ಸಲ ಕಾರಣ ನಿಯಮಗಳಲ್ಲೇ ಇದೆ. 18ರಿಂದ 21ರೊಳಗೆ ಸಹಿ ಮಾಡಿದವನ ಮೊದಲ ಒಪ್ಪಂದ 3 ವರ್ಷದ್ದು. 18 ಅಥವಾ 19ರವನು ಋತುವಿನಲ್ಲಿ 10 ಎನ್‌ಎಚ್‌ಎಲ್ ಪಂದ್ಯ ಮುಟ್ಟದಿದ್ದರೆ ಆ ಒಪ್ಪಂದ ಒಂದು ವರ್ಷ ಮುಂದಕ್ಕೆ ಜಾರುತ್ತದೆ. ಒಂಬತ್ತು ಪಂದ್ಯ ಆಡಿಸಿ ನಿಲ್ಲಿಸುವುದು ಇದಕ್ಕೇ. ಕೆನಡಾದ ಮೂರು ಪ್ರಮುಖ ಜೂನಿಯರ್ ಲೀಗ್‌ಗಳಿಂದ ಆರಿಸಿದ ಹುಡುಗನನ್ನು 20ರೊಳಗೆ ಎಎಚ್‌ಎಲ್‌ಗೆ (ಎನ್‌ಎಚ್‌ಎಲ್‌ನ ಕೆಳಗಿನ ವೃತ್ತಿಪರ ಲೀಗ್) ಕಳಿಸಲು ಸಾಮಾನ್ಯವಾಗಿ ಬಿಡುತ್ತಿರಲಿಲ್ಲ. 2026-27ರಿಂದ ತಂಡಕ್ಕೊಬ್ಬ 19ರ ಹುಡುಗನಿಗೆ ಅವಕಾಶ. ಆ ಲೀಗ್‌ಗಳಲ್ಲಿ ಆಡಿದವರಿಗೆ 2025-26ರಿಂದ ಅಮೆರಿಕದ ಕಾಲೇಜು ಹಾಕಿಯ ಬಾಗಿಲೂ ತೆರೆದಿದೆ. ಅವನು ಯಾವ ದಾರಿಯಲ್ಲಿದ್ದಾನೆ ಎಂದು ತಿಳಿದುಕೊಂಡೇ ಎಷ್ಟು ಬೇಗ ಬರುತ್ತಾನೆ ಎಂದು ಹೇಳಿ.

ಯಾವ ಸಾಕ್ಷ್ಯಕ್ಕೆ ಎಷ್ಟು ತೂಕ

ಬೇಸಿಗೆಯ ಶಿಬಿರದ ಸುದ್ದಿಗೆ ತೂಕ ಕೊಡಬೇಡಿ. ಡಿಸೆಂಬರ್ ಕೊನೆಗೆ ಶುರುವಾಗುವ ವಿಶ್ವ ಜೂನಿಯರ್ ಪಂದ್ಯಾವಳಿ ಕಣ್ಣಿಗೆ ಹಬ್ಬ. ಆದರೆ ಅಲ್ಲಿ ಆಡುವುದು ಹೆಚ್ಚೆಂದರೆ ಏಳು ಪಂದ್ಯ, ಮೆರೆಯುವವರು ಬಹುಪಾಲು 19ರವರು. 18ರ ಹುಡುಗ ಮೂರನೇ ಸಾಲಿನಲ್ಲಿದ್ದರೆ ಗಾಬರಿ ಬೇಡ. ನಿಜವಾದ ಸಾಕ್ಷ್ಯ ಡ್ರಾಫ್ಟ್ ಆದ ಮರುವರ್ಷದ ಪೂರ್ಣ ಋತು. ಅದೇ ಲೀಗ್‌ಗೆ ಮರಳಿದವನ ಸೋಸಿದ ಪಾಯಿಂಟ್‌ಗಳು ಏರದಿದ್ದರೆ ಚಿಂತಿಸಲು ಕಾರಣವಿದೆ.

ನೇರವಾಗಿ ಎನ್‌ಎಚ್‌ಎಲ್‌ಗೆ ಹೋದವನ ವಿಷಯದಲ್ಲಿ ಮಾತ್ರ ಇನ್ನೂ ತಾಳ್ಮೆ ಬೇಕು. ‘ಬೆಳೆಯುವ ಸಿರಿ ಮೊಳಕೆಯಲ್ಲಿ’ ಎಂಬ ಗಾದೆ ಇಲ್ಲಿ ಕೈಕೊಡುತ್ತದೆ. 2019ರ ಮೊದಲ ಆಯ್ಕೆ ಜ್ಯಾಕ್ ಹ್ಯೂಸ್ ಮೊದಲ ಋತುವಿನಲ್ಲಿ 61 ಪಂದ್ಯಕ್ಕೆ 21 ಪಾಯಿಂಟ್ ಗಳಿಸಿದರು. 2022-23ರಲ್ಲಿ 78 ಪಂದ್ಯಕ್ಕೆ 99. 2022ರ ಮೊದಲ ಆಯ್ಕೆ ಯುರಾಯ್ ಸ್ಲಾಫ್ಕೊವ್ಸ್ಕಿ ಮೊದಲು 39 ಪಂದ್ಯಕ್ಕೆ 10, ಮರುವರ್ಷ 82ಕ್ಕೆ 50. 2020ರ ಅಲೆಕ್ಸಿ ಲಾಫ್ರೆನಿಯೆರ್ 57 ಪಾಯಿಂಟ್ ಮುಟ್ಟಲು ನಾಲ್ಕನೇ ಋತು ಬೇಕಾಯಿತು.

ವಾದಕ್ಕಿಳಿಯುವ ದಿನವೇ ಒಂದು ಸಾಲು ಬರೆದಿಡಿ: ದಿನಾಂಕ, ಸೆಪ್ಟೆಂಬರ್ 15ಕ್ಕೆ ಹುಡುಗನ ವಯಸ್ಸು, ಪಂದ್ಯಕ್ಕೆ ಸೋಸಿದ ಪಾಯಿಂಟ್, ನಿಮ್ಮ ಪ್ರಕಾರ ಅವನ ಜಾಗ, ಯಾವ ವಯಸ್ಸಿಗೆ, ನೂರಕ್ಕೆ ಎಷ್ಟು ಸಂಭವ. ಅದರ ಕೆಳಗೆ, ಏನು ಕಂಡರೆ ನಿಮ್ಮ ಅಭಿಪ್ರಾಯ ಬದಲಿಸುತ್ತೀರಿ ಎಂದೂ ಬರೆಯಿರಿ. ಫಾರ್ವರ್ಡ್ ಆದರೆ ಎರಡು ವರ್ಷ, ಡಿಫೆನ್ಸ್‌ಮನ್ ಆದರೆ ಮೂರು ವರ್ಷ ಬಿಟ್ಟು ಅದನ್ನು ತೆರೆಯಿರಿ, ವಾದಿಸಿದ ಎದುರಾಳಿಯನ್ನೂ ಕೂರಿಸಿಕೊಂಡು.